ಅಳತೆ ಕುಬಸ

ಹಸಿರು ಖಣದ ಬಟ್ಟೆಯ ಮೇಲೆ ಎಳೆದ ಚಾಕ್‌ಪೀಸಿನ ಗೆರೆ ಕೊರಳ ತಿರುವಿಗೆ ಬಂದು ನಿಂತಿತ್ತು. ಪಂಚಶೀಲಾ ಕೈಯೆತ್ತಿ ಬೆರಳುಗಳನ್ನು ಮಡಿಸಿ ಬಿಡಿಸಿದಳು. ಕೀಮೋದ ಸಲಾಯಿನ್ ಏರಿಸಿಕೊಳ್ಳಲು ಶುರುಮಾಡಿದಾಗಿನಿಂದ ಬೆರಳ ತುದಿಗಳು ತನ್ನವಲ್ಲ ಅನಿಸುತ್ತಿದ್ದವು. ಯಾರೋ ಅವಕ್ಕೆ ತೆಳ್ಳನೆಯ ಬಟ್ಟೆ ಸುತ್ತಿಟ್ಟ ಹಾಗೆ. ಗೆರೆ ಕಣ್ಣಿಗೆ ಕಾಣುತ್ತಿತ್ತು, ಖಣ ಕೈಗೆ ತಿಳಿಯುತ್ತಿರಲಿಲ್ಲ. ಆದರೂ ಕತ್ತರಿ ತನ್ನ ದಾರಿ ಮರೆತಿರಲಿಲ್ಲ. ಕೊರಳು, ಹೆಗಲು, ಕಂಕುಳ ಬಾಗು. ಅವಳು ಉಸಿರು ಹಿಡಿದು ಕತ್ತರಿಸಿದಳು. ಉಳಿದ ತುಂಡು ಎಲೆಯ ಹಾಗೆ ಹೊರಳಿ ನೆಲಕ್ಕೆ ಬಿತ್ತು.

ಅದು ನೀತಾಳಿಗೆ ಹೊಲಿಯುತ್ತಿದ್ದ ಕುಬಸ, ಹೊಸ ರವಿಕೆ. ನೀತಾ ಪಂಚಶೀಲಾಳ ಗಂಡನ ತಂಗಿ, ಜೇವರ್ಗಿಗೆ ಕೊಟ್ಟ ಹುಡುಗಿ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಈಗ ಏಳು ತಿಂಗಳ ಬಸುರಿ. ನಾಳಿದ್ದು ತವರಿನವರು ಹೋಗಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಕುಬಸದ ಕಾರ್ಯ ಮಾಡಬೇಕು. ಬಸುರಿಗೆ ಹೊಸ ಕುಬಸ ತೊಡಿಸುವವಳು ಅಣ್ಣನ ಹೆಂಡತಿ. ಈ ಮನೆಯಲ್ಲಿ ಅದು ಹಿಂದಿನಿಂದ ಬಂದ ರೀತಿ. ಅಣ್ಣನ ಹೆಂಡತಿ ಅಂದರೆ ಪಂಚಶೀಲಾ.

ಗೋಡೆಗೆ ತೂಗುಹಾಕಿದ ಅರಿವೆಯ ಉಂಡೆಯಿಂದ ಅವಳು ಕಚ್ಚಾ ಹೊಲಿಗೆಗೆಂದು ಹಸಿರು ದಾರದ ಸೂಜಿ ಕಿತ್ತುಕೊಂಡಳು. ಆ ಸೂಜಿಗಳೆಲ್ಲ ಗಂಡ ಶರಣಕುಮಾರ ಪೋಣಿಸಿಟ್ಟವು. ಕಡಗಂಚಿಯ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ, ಬಣ್ಣಬಣ್ಣದ ದಾರಗಳನ್ನು ಒಂದೊಂದೇ ಸೂಜಿಗೆ ಪೋಣಿಸಿ ಚುಚ್ಚಿ ಹೋಗುತ್ತಾನೆ.

"ಯಾವ ಬಣ್ಣ ಬೇಕಂತ ಮೊದ್ಲೇ ಹೇಳು. ನಿನ್ನಿ ನೀಲಿ ಅಂದಿ, ಸಂಜಿಗಿ ಬಂದು ನೋಡಿದ್ರ ಕೆಂಪ ಖಾಲಿ ಆಗ್ಯಾದ," ಎಂದು ಈ ದಿನವೂ ಗೊಣಗಿದ್ದ.

"ಬಣ್ಣ ಮೊದ್ಲೇ ಗೊತ್ತಿದ್ರ ನಾ ಟೇಲರ್ ಯಾಕ ಆಗ್ತಿದ್ದೆ, ಜ್ಯೋತಿಷ್ಯ ಹೇಳ್ತಿದ್ದೆ ತಗೋರಿ," ಎಂದಿದ್ದಳು ಅವಳು.

ಮಷಿನ್ನಿನ ಪೆಡಲು ಅತ್ತೆ ಶರಣಬಸಮ್ಮನದು. ಆಪರೇಷನ್ನಿನ ಮೇಲೆ ಪಂಚಶೀಲಾಳ ಎಡಗೈ ಭಾರ. ಕಾಲು ಸ್ವಲ್ಪ ತುಳಿದರೆ ಮೈಯೆಲ್ಲ ಬೆವರು. ಅದಕ್ಕೆ ಅತ್ತೆ ಎದುರುಬದಿಗೆ ಮಣೆ ಹಾಕಿ ಕೂತು ಪೆಡಲಿಗೆ ಎರಡೂ ಕಾಲು ಕೊಡುತ್ತಾಳೆ, ಸೊಸೆ ಬಟ್ಟೆ ಸರಿಸುತ್ತಾಳೆ. ಒಂದು ಮಷಿನ್ನು, ಇಬ್ಬರು ಹೆಂಗಸರು. ಅತ್ತೆಯ ಕಾಲುಗಳು ಕಿಣ್ಣಿ ಸುಲ್ತಾನ ಊರಿನ ಹೊಲದಲ್ಲಿ ಜನ್ಮವೆಲ್ಲ ನಡೆದ ಕಾಲುಗಳು. ನಿಧಾನ ಅವಕ್ಕೆ ಬರುವುದಿಲ್ಲ.

"ಅತ್ತಿ, ಸಾವಕಾಶ ತುಳೀರಿ. ಹೊಲಿಗಿ ಓಡಿ ಹೋಗಾಕತ್ತದ."

"ಸಾವಕಾಶ ತುಳದ್ರ ನಿದ್ದಿ ಬರ್ತದ ಬೇ ನನಗ. ನೀ ಬಟ್ಟಿ ಜಲ್ದಿ ಸರಸು."

ಸೂಜಿ ಏರಿಳಿಯಿತು. ಹಸಿರು ಖಣ ನೀರಿನಂತೆ ಮುಂದೆ ಸರಿಯಿತು. ಪಂಚಶೀಲಾಳ ಕಣ್ಣು ಸ್ವಲ್ಪ ಮಂಜಾಯಿತು. ಈಚೆಗೆ ಎಚ್ಚರಕ್ಕೂ ನಿದ್ದೆಗೂ ನಡುವಿನ ಹೊಸ್ತಿಲು ಬಹಳ ತಗ್ಗಾಗಿಬಿಟ್ಟಿತ್ತು, ದಾಟಿದ್ದೇ ತಿಳಿಯುತ್ತಿರಲಿಲ್ಲ.

ಪ್ರತಿ ಸಲವೂ ಕಲಬುರಗಿಯ ದವಾಖಾನೆಯಿಂದ ಬಂದ ಮೇಲೆ ಅವಳು ಕೆಲವು ದಿನ ಹಾಗೆಯೇ ಇರುತ್ತಿದ್ದಳು, ಕೌದಿಯೊಳಗೆ, ಬೆಳಕು ಗೋಡೆಯ ಮೇಲೆ ಏರಿ ಇಳಿಯುವುದನ್ನು ನೋಡುತ್ತ. ಹೊರಗೆ ಅಫಜಲಪುರದ ಬಸ್ಸು ಹಾರ್ನ್ ಹಾಕಿದರೆ ತವರಿನ ಭೀಮಾ ನದಿಯೇ ಓಣಿಯೊಳಗೆ ತಿರುಗಿ ಬಂದಂತೆ ಕೇಳುತ್ತಿತ್ತು. ಅವ್ವ ಅಲ್ಲಿಂದ ಕಳಿಸಿದ ಲಿಂಬೆ ಉಪ್ಪಿನಕಾಯಿಯೊಂದೇ ನಾಲಿಗೆಗೆ ತಾಗುತ್ತಿದ್ದದ್ದು. ಉಳಿದದ್ದಕ್ಕೆಲ್ಲ ಕಬ್ಬಿಣದ ರುಚಿ, ನೀರಿಗೂ. ಅತ್ತೆ ತಲೆಯ ಹತ್ತಿರ ಕೂತು ಬೋಳುನೆತ್ತಿಗೆ ಕೊಬ್ಬರಿ ಎಣ್ಣೆ ಸವರುತ್ತ, ಗೋಡೆಯ ಬುದ್ಧನ ಫೋಟೋಕ್ಕೂ ಮೂಲೆಯ ಎಲ್ಲಮ್ಮನಿಗೂ ಒಂದೇ ಮಾತಿನಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು.

ಈ ಸಲದ ಮಂಪರಿನಲ್ಲಿ ಒಂದು ಕನಸು ಮತ್ತೆಮತ್ತೆ ಬಂದಿತ್ತು. ಭೀಮಾ ದಂಡೆಯ ಕರಿಮಣ್ಣಿನ ಹೊಲ. ಓಣಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಳೆಯ ಕುಬಸ, ಅಳತೆಗೆಂದು ತಂದದ್ದು. ಟೇಪು ಹಿಡಿದು ಅಳೆಸಿಕೊಳ್ಳಲು ನಾಚಿಕೆ. ಮೈಗೆ ಸರಿಯಾಗಿ ಕೂತ ಒಂದು ಕುಬಸ ತಂದುಕೊಟ್ಟು 'ಇದರಂಗ ಹೊಲಿ' ಅನ್ನುವುದೇ ಇಲ್ಲಿಯ ರೂಢಿ. ಪಂಚಶೀಲಾ ಹೊಲದ ಬದುವಿಗೆ ಅಂಚು ಹೊಲಿಯುತ್ತ ಅವರ ಮುಂದೆ ಸಾಗುತ್ತಾಳೆ. ಸಾಲಿನ ಕೊನೆಗೆ ಬಂದಾಗ ಯಾರೋ ಕೇಳುತ್ತಾರೆ: "ನಿನ್ನ ಅಳತಿ ಎಲ್ಲದ?" ಅವಳು ನೋಡಿಕೊಂಡರೆ ಕೈ ಖಾಲಿ.

ಅಲ್ಲಿಗೆ ಎಚ್ಚರ. ಕೌದಿಯೊಳಗೆ ಬಲಗೈ ತಾನಾಗಿ ಎಡ ಎದೆಗೆ ಹೋಗಿರುತ್ತಿತ್ತು. ಅಲ್ಲಿ ಗಂಟಿತ್ತು, ಈಗ ಗಂಟೂ ಇಲ್ಲ, ಗಂಟಿದ್ದ ಜಾಗವೂ ಇಲ್ಲ. ಒಂದು ಓರೆ ಹೊಲಿಗೆ ಮಾತ್ರ. ಟೇಲರಾದ ಅವಳಿಗೆ ಆ ಹೊಲಿಗೆ ಒಪ್ಪಿಗೆಯಾಗಿತ್ತು. ಒತ್ತಾಗಿ, ನೇರವಾಗಿ, ಎಲ್ಲೂ ನೆರಿಗೆಯಿಲ್ಲದೆ ಹಾಕಿದ್ದರು. ಮೈ ಮಾತ್ರ ಇನ್ನೂ ಒಪ್ಪಿರಲಿಲ್ಲ.

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಪಕ್ಕದ ಮನೆಯ ಪೀರಬಿ. ಶರಣಬಸಮ್ಮನ ವಾರಿಗೆಯವಳು, ಕಂಕುಳಲ್ಲಿ ಸದಾ ಏನಾದರೊಂದು ಬಿಚ್ಚಿ ಹೊಲಿಯಬೇಕಾದ ಬಟ್ಟೆ.

"ಏನ್ ಅಕ್ಕಾ, ಈ ವಯಸ್ಸಿನಾಗ ಸೈಕಲ್ ಕಲಿಯಾಕತ್ತಿ? ಎಷ್ಟ್ ತುಳದ್ರೂ ಇದ್ದಲ್ಲೇ ಇದ್ದೀಯಲ್ಲ!"

"ಜೇವರ್ಗಿ ಮುಟ್ಟೇ ಇಳೀತೀನಿ. ನೀ ಹಿಂದ ಕೂಡು ಬಾ," ಎಂದಳು ಶರಣಬಸಮ್ಮ.

ಪೀರಬಿ ನಗುತ್ತ ಗೋಡೆಗೊರಗಿ ಕೂತಳು. ಹಸಿರು ಕುಬಸವನ್ನು ನೋಡಿ, "ನೀತಾಗ ಛಲೋ ಒಪ್ತದ. ನಿಂದೇನು ಪಂಚೂ? ನೀ ಏನ್ ಹಾಕ್ಕೋತಿ?" ಎಂದು ಕೇಳಿದಳು.

ಪಂಚಶೀಲಾ ಹಲಗೆಯ ಕಡೆ ನೋಡಿದಳು. ಅವಳಿಗೆಂದು ಶರಣಕುಮಾರ ತಂದ ಇಟ್ಟಂಗಿ ಬಣ್ಣದ ಬಟ್ಟೆ ಅಲ್ಲಿ ಇನ್ನೂ ಮಡಿಕೆಯಲ್ಲೇ ಇತ್ತು.

ಹೋಗುವುದೋ ಬೇಡವೋ ಎಂಬುದು ವಾರದಿಂದ ಅವಳ ಎದೆಯಲ್ಲಿ ಕೂತಿತ್ತು. ನೀತಾಳ ಅತ್ತೆ ಲೀಲಾಬಾಯಿ ಫೋನ್ ಮಾಡಿದ್ದಳು. ದನಿಯಲ್ಲಿ ಮರುಕವೇ ಇತ್ತು. "ಪಂಚಶೀಲಾಗ ಆರಾಮಿಲ್ಲ, ಪಾಪ. ಅಷ್ಟು ದೂರ ತ್ರಾಸ್ ತಗೊಂಡು ಆಕಿ ಬರೂದೇನ್ ಬ್ಯಾಡ್ರಿ ಬೀಗತಿ. ಕುಬಸ ನಮ್ಮ ಕಡಿಯವ್ರು ಯಾರರೆ ತೊಡಸ್ತಾರ. ಮಂದಿ ಬಾಯಿಗೆ ಯಾಕ ಬೀಳೂದು? ಚೊಚ್ಚಲ ಬಸುರಿ."

ಶರಣಬಸಮ್ಮ ಫೋನನ್ನು ರೊಟ್ಟಿ ಹಿಡಿದಂತೆ ಅಂಗೈಯಲ್ಲಿ ಹಿಡಿದು ಕೂಗಿ ಹೇಳಿದ್ದಳು: "ಆಕಿ ಆರಾಮ ಆಗ್ಯಾಳ್ರಿ! ಆಕಿನೇ ಬರ್ತಾಳ, ಆಕಿನೇ ತೊಡಸ್ತಾಳ. ನೋಡಿದ್ರ ಗೊತ್ತ ಸೈತ ಆಗಂಗಿಲ್ಲ."

ನೋಡಿದರೆ ಗೊತ್ತೇ ಆಗುವುದಿಲ್ಲ. ಅತ್ತೆ ಸೊಸೆಯ ಪರವಾಗಿಯೇ ಆಡಿದ ಮಾತದು. ಆದರೆ ಆ ಮಾತನ್ನು ಹೊತ್ತು ಜೇವರ್ಗಿಯವರೆಗೆ ನಡೆಯಬೇಕಾದವಳು ಪಂಚಶೀಲಾ. ಹೆಂಗಸರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತು. ಇಷ್ಟು ವರ್ಷ ಅವಳ ಕಣ್ಣೂ ಅಲ್ಲಿಗೇ ಹೋಗಿತ್ತು. ಬಾಗಿಲಲ್ಲಿ ನಿಂತವಳ ಎದೆಯ ಸುತ್ತಳತೆ ಅವಳು ಮಾತಾಡಿಸುವ ಮುಂಚೆಯೇ ಅಂದಾಜು ಮಾಡಿರುತ್ತಿದ್ದಳು. ದವಾಖಾನೆಯಿಂದ ಬಂದ ಹೊಸತರಲ್ಲಿ ಹಳೆಯ ಗಿರಾಕಿಯೊಬ್ಬಳು ಸೆರಗಿನ ಎಡಬದಿಯನ್ನೇ ನೋಡುತ್ತ, "ನಿನಗ್ಯಾಕ ತ್ರಾಸು, ಆರಾಮ್ ಮಾಡು," ಎಂದು ಹೊಲಿಯಲು ಕೊಟ್ಟ ಬಟ್ಟೆ ವಾಪಸ್ ಒಯ್ದಿದ್ದಳು. ಅವಳ ಕಣ್ಣಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಟ್ಟದ್ದಿದ್ದರೆ ಬೈದು ಮರೆಯಬಹುದಿತ್ತು.

"ಏ, ಚೀಲ ಹಾಕ್ಕೊಂಡು ನಿನ್ನ ಅಳತಿ ಕುಬಸ ತೊಟ್ಟು ನೋಡು," ಎಂದಳು ಶರಣಬಸಮ್ಮ ಪೆಡಲು ನಿಲ್ಲಿಸಿ. "ಬರಾಬರ್ ಕೂತ್ರ ಅದರಂಗೇ ಹೊಸಾದು ಕತ್ತರಸು. ಇವತ್ತೇ ಮುಗಸೂಣು."

ಚೀಲ ಅಂದರೆ ಎಡ ಎದೆಯ ಖಾಲಿ ಜಾಗಕ್ಕೆ ಕುಬಸದೊಳಗೆ ಇಟ್ಟುಕೊಳ್ಳಲೆಂದು ಅತ್ತೆಯೇ ಹೊಲಿದ ಬಟ್ಟೆಯ ಚೀಲ. ಮೊದಲು ಹತ್ತಿ ತುಂಬಿದ್ದರು. ಹತ್ತಿಗೆ ತೂಕವಿಲ್ಲ, ಕೈ ಎತ್ತಿದರೆ ಕೊರಳ ಹತ್ತಿರ ಬಂದು ಕೂತಿರುತ್ತಿತ್ತು. ಆಮೇಲೊಂದು ದಿನ ಶರಣಬಸಮ್ಮ ಒಳಗೆ ಹೋಗಿ, ಹಿಂಗಾರಿ ಬಿತ್ತನೆಗೆಂದು ಬೂದಿ ಬೆರೆಸಿ ಮಣ್ಣಿನ ಗಡಿಗೆಯಲ್ಲಿಟ್ಟಿದ್ದ ಜೋಳ ತೆಗೆದಳು. ಮೊರದಲ್ಲಿ ಕೇರಿದಳು. ಬೊಗಸೆಯಲ್ಲಿ ಹಿಡಿದು, ಕಣ್ಣುಮುಚ್ಚಿ ತೂಗಿ, ಸ್ವಲ್ಪ ಕಡಿಮೆ ಮಾಡಿ, ಮತ್ತೆ ಸ್ವಲ್ಪ ಹಾಕಿ, ಚೀಲ ತುಂಬಿ ಬಾಯಿ ಹೊಲಿದಳು. ಅದು ಸರಿಯಾಗಿ ಕೂತಿತು. ಪಂಚಶೀಲಾ ನಡೆದರೆ ಕಾಳು ಒಳಗೊಳಗೇ ಸರಿದು ಮೈಯ ಬಿಸಿ ಹಿಡಿಯುತ್ತಿತ್ತು. ಅಂಗಾತ ಮಲಗಿದರೆ ಮರಳು ಜಾರಿದಂಥ ಸಣ್ಣ ಸದ್ದು.

ಅವಳು ಎದ್ದು ಮಂಚದ ಕೆಳಗಿನ ಬುಟ್ಟಿ ಎಳೆದಳು. ಈ ಸಲ ಕಲಬುರಗಿಯಿಂದ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಳೆ ಹಿಡಿದಿತ್ತು. ತೊಯ್ದು ಬಂದವಳು ಚೀಲ ತೆಗೆದು, ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಒಣಗಿಸಿದರಾಯಿತೆಂದು ಬುಟ್ಟಿಗೆ ಹಾಕಿ ಮಲಗಿದ್ದಳು. ಆಮೇಲಿನದು ಬರೀ ಮಂಪರು.

ಟವೆಲ್ಲು ಬಿಚ್ಚಿದಳು.

ಚೀಲ ಉಬ್ಬಿತ್ತು. ಹೊಲಿಗೆಯ ಸಂದಿನಿಂದ, ಬಟ್ಟೆಯ ಎಳೆಗಳ ನಡುವಿನಿಂದ, ಬಿಳಿಯ ಸಣ್ಣ ಸಣ್ಣ ಮೊಳಕೆಗಳು ಹೊರಗೆ ಇಣುಕಿದ್ದವು. ಒಂದೆರಡರ ತುದಿ ಆಗಲೇ ತಿಳಿಹಸಿರು. ಅಂಗೈಯಲ್ಲಿ ಹಿಡಿದರೆ ಬೆಚ್ಚಗಿತ್ತು, ಮಲಗಿದ ಕೂಸಿನ ನೆತ್ತಿಯ ಹಾಗೆ. ಒಂದು ಕ್ಷಣ ಅವಳಿಗೆ ಇದೂ ಆ ಕನಸಿನದೇ ತುಣುಕು ಅನಿಸಿತು. ಹೊಲವೇ ಅವಳ ಅಳತೆ ಕೇಳುತ್ತ ಬಂದುಬಿಟ್ಟಿದೆ.

"ಏನಾಯ್ತ ಬೇ?" ಎಂದು ಶರಣಬಸಮ್ಮ ಎದ್ದು ಬಂದಳು. ಹಿಂದೆಯೇ ಪೀರಬಿ. ಮೂವರೂ ಆ ಚೀಲವನ್ನು ನೋಡಿದರು.

"ತೌಬಾ!" ಎಂದಳು ಪೀರಬಿ. "ಶರಣಬಸಮ್ಮಕ್ಕಾ, ಹೊಲ ಬಿಟ್ಟು ಸೊಸಿ ಎದಿ ಮ್ಯಾಲೇ ಹಿಂಗಾರಿ ಬಿತ್ತಿಯಲ್ಲ! ಇನ್ನ ಹಕ್ಕಿ ಕಾಯಾಕ ಒಬ್ರನ್ನ ಕುಂದ್ರಸು!"

"ಬಾಯಿ ಮುಚ್ಚ ಬೇ ನೀ!" ಎಂದು ಶರಣಬಸಮ್ಮ ಗದರಿದಳು. ಆದರೆ ಪಂಚಶೀಲಾಗೆ ನಗು ಬಂದುಬಿಟ್ಟಿತ್ತು. ಎಡಪಕ್ಕದ ಹೊಲಿಗೆ ಎಳೆಯುವಷ್ಟು ನಗು. ಅಲ್ಲಿ ಕೈಯೊತ್ತಿ ಹಿಡಿದು, ಮಂಚದ ಮೇಲೆ ಕೂತು ನಕ್ಕಳು. ಎಷ್ಟು ತಿಂಗಳಾಗಿತ್ತೋ ಹೀಗೆ ನಕ್ಕು. ಪೀರಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶರಣಬಸಮ್ಮ ಮಾತ್ರ ನಗಲಿಲ್ಲ. ಅವಳು ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಹುರದು ಹಾಕ್ಬೇಕಿತ್ತು," ಎಂದಳು ಮೆಲ್ಲಗೆ. "ಆವತ್ತೇ ಗೊತ್ತಿತ್ತು ನನಗ. ನೀರು ತಾಗಿದ್ರ ಮೊಳೀತದಂತ ಯಾವ ಒಕ್ಕಲಗಿತ್ತಿಗಿ ಗೊತ್ತಿಲ್ಲ? ಹಂಚೂ ಇಟ್ಟಿದ್ನಿ ಒಲಿ ಮ್ಯಾಲ. ಮತ್ತ ನಿನ್ನ ಎದಿ ಮ್ಯಾಲ ಇರೂದು ಅಂತ... ಬೀಜ ಹುರ್ಯಾಕ ಮನಸ್ ಬರ್ಲಿಲ್ಲ ಬೇ."

ಶರಣಬಸಮ್ಮ ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣ್ಣು ಕೆದಕಿ, ಚೀಲದ ಬಾಯಿ ಬಿಚ್ಚಿ ಮೊಳಕೆಯನ್ನೆಲ್ಲ ಸುರಿದಳು. ಮೇಲೆ ಮಣ್ಣೆಳೆದಳು. ಖಾಲಿ ಚೀಲವನ್ನು ತೊಳೆದು ಹಗ್ಗಕ್ಕೆ ಹಾಕಿದಳು. ಗಾಳಿಗೆ ಅದು ಅಂಗೈಯಷ್ಟಗಲದ ಬಾವುಟದಂತೆ ಆಡತೊಡಗಿತು.

ಮಧ್ಯಾಹ್ನ ನೀತಾ ಅತ್ತಿಗೆಗೆ ಫೋನ್ ಮಾಡಿದಳು.

"ವೈನಿ, ಬರ್ತೀರಿಲ್ಲ?"

"ನಿಮ್ಮ ಅತ್ತಿಯವ್ರು ಬ್ಯಾಡ ಅಂದಾರಲ್ಲ ನೀತಾ."

"ಅವ್ರು ಅಂಜ್ಯಾರ. ನಾ ಅಂಜಿಲ್ಲ." ನೀತಾಳ ಉಸಿರು ಬಸುರಿಯ ಉಸಿರು, ಎರಡು ಮಾತಿಗೊಮ್ಮೆ ನಿಲ್ಲುತ್ತಿತ್ತು. "ನನ್ನ ಮೈ ನೋಡಿದ್ರ ನನಗೇ ಗುರ್ತು ಸಿಗವಲ್ದು ವೈನಿ. ಹಳೀ ಕುಬಸ ಒಂದೂ ಬರವಲ್ದು. ಕನ್ನಡಿ ಮುಂದ ನಿಂತ್ರ ಯಾರೋ ಬ್ಯಾರೇ ಹೆಣಮಗಳು. ನೀವೇ ಬಂದು ತೊಡಸ್ಬೇಕು. ಬ್ಯಾರೇವ್ರ ಕೈಲೆ ಒಲ್ಲೆ ನಾ."

"ನಿನ್ನ ಅಳತಿ ಎಲ್ಲದ ಈಗ? ಅಂದಾಜಿನ ಮ್ಯಾಲ ಹೊಲಿಯಾಕತ್ತೇನಿ."

"ನಿಮ್ಮ ಅಂದಾಜು ಯಾವಾಗರೆ ತಪ್ಪ್ಯಾದೇನು?" ಎಂದು ನೀತಾ ನಕ್ಕಳು.

ಫೋನಿಟ್ಟ ಮೇಲೆ ಪಂಚಶೀಲಾ ಇಟ್ಟಂಗಿ ಬಣ್ಣದ ಬಟ್ಟೆಯನ್ನು ಹಲಗೆಯ ಮೇಲೆ ಹಾಸಿದಳು. ಅದರ ಮೇಲೆ ತನ್ನ ಅಳತೆ ಕುಬಸ ಇಟ್ಟಳು. ಆಪರೇಷನ್ನಿಗೆ ಮುಂಚಿನದು, ಬಹಳ ವರ್ಷ ಸರಿಯಾಗಿ ಕೂತದ್ದು. ಮುಂಭಾಗಕ್ಕೆ ಎರಡೂ ಕಡೆ ಟಕ್ಸು. ಎದೆಯ ಉಬ್ಬಿಗೆ ಜಾಗವಾಗಲೆಂದು ಬಟ್ಟೆಯನ್ನು ಚಿಮಟಿ ಹಿಡಿದು ಹೊಲಿದ ಮಡಿಕೆಗಳು. ಈ ಓಣಿಯ ಎಷ್ಟು ಹೆಂಗಸರಿಗೆ ಅವಳು ಟಕ್ಸು ಹಿಡಿದಿಲ್ಲ! ಯಾರ ಎರಡೂ ಕಡೆ ಸಮ ಇರುವುದಿಲ್ಲ. ಒಬ್ಬಳಿಗೆ ಎಡಗಡೆ ತುಸು ಸಡಿಲ, ಇನ್ನೊಬ್ಬಳಿಗೆ ಬಲಗಡೆ ಬಿಗಿ. ಅವರಿಗೂ ಗೊತ್ತಿಲ್ಲದ ಹಾಗೆ ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಟ್ಟು ಅವಳೇ ಸಮ ಮಾಡಿ ಕಳಿಸುತ್ತಿದ್ದಳು. ಮೈ ಹೇಗಿದೆಯೋ ಹಾಗೆ ಹೊಲಿ ಎಂದು ಕೇಳಿದವರು ಯಾರೂ ಇರಲಿಲ್ಲ.

ಚಾಕ್‌ಪೀಸು ಕೈಯಲ್ಲಿ ಹಿಡಿದೇ ಅವಳು ಹೊತ್ತು ಕಳೆದಳು. ಬಿಸಿಲು ಹಲಗೆಯಿಂದ ಇಳಿದು, ಮಷಿನ್ನಿನ ಚಕ್ರದ ಮೇಲೆ ಹಾದು, ಹೊಸ್ತಿಲಾಚೆ ಹೋಯಿತು.

ಸಂಜೆ ಶರಣಕುಮಾರ ಬಂದಾಗ ಮನೆಯೊಳಗೆ ಹೊಗೆ ತುಂಬಿತ್ತು. ಶರಣಬಸಮ್ಮ ಒಲೆಯ ಮೇಲೆ ಹಂಚಿಟ್ಟು ಕೂತಿದ್ದಳು. ಪಕ್ಕದಲ್ಲಿ ಬೀಜದ ಗಡಿಗೆ ತೆರೆದಿತ್ತು.

"ಏನ್ ಹುರ್ಯಾಕತ್ತಿ ಅವ್ವಾ?"

"ಬೀಜ. ಚೀಲಕ್ಕ," ಎಂದಳು ಅವಳು ತಲೆಯೆತ್ತದೆ. "ಹುರದದ್ದು ಮೊಳಿಯಂಗಿಲ್ಲ. ನಾಳಿದ್ದು ಜೇವರ್ಗಿಯಾಗ ಮಳಿ ಬರ್ಲಿ, ಬೆವರ್ಲಿ, ಫಿಕರಿಲ್ಲ."

ಅವಳು ಬೂದಿ ಕೇರಿದ ಜೋಳ ಒಂದು ಬೊಗಸೆ ತೆಗೆದಳು. ಹಂಚಿನ ಮೇಲೆ ಕೈ ಸ್ವಲ್ಪ ತಡೆಯಿತು. ಆಮೇಲೆ ಸುರಿಯಿತು. ಕಾಳು ಚಿಟಚಿಟ ಎಂದವು. ಒಂದೆರಡು ಸಿಡಿದು ಬೆಳ್ಳಗೆ ಅರಳಿ ಒಲೆಯ ಮುಂದೆ ಬಿದ್ದವು. ಶರಣಕುಮಾರ ಬಗ್ಗಿ ಒಂದನ್ನು ಬಾಯಿಗೆ ಹಾಕಿಕೊಂಡ.

ಹೊರಗಿನ ಕೋಣೆಯಲ್ಲಿ ಪಂಚಶೀಲಾಗೆ ವಾಸನೆ ಬಂತು. ಮೊದಲು ಅದೇನೆಂದು ತಿಳಿಯಲಿಲ್ಲ. ಇಷ್ಟು ದಿನ ಎಲ್ಲ ವಾಸನೆಯೂ ಒಂದೇ ಆಗಿತ್ತು, ತುಕ್ಕು ಹಿಡಿದ ನೀರಿನದು. ಇದು ಬೇರೆ. ಸುಟ್ಟ, ಸಿಹಿಯಾದ, ಸುಗ್ಗಿಯ ರಾಶಿಯ ಮಗ್ಗುಲಲ್ಲಿ ಮಲಗಿದಾಗ ಮೂಗಿಗೆ ಬರುವಂಥದ್ದು. ಅವಳು ಬಾಗಿಲಿಗೆ ಬಂದು ನಿಂತಳು. ಅತ್ತೆಯ ಬೆನ್ನು ಕಂಡಿತು. ಒಲೆಯ ಬೆಳಕಿನಲ್ಲಿ ಆ ಬೆನ್ನು ಮುಂದಕ್ಕೆ ಬಾಗಿತ್ತು. ಬೀಜ ಹುರಿಯಲು ಮನಸ್ಸು ಬರಲಿಲ್ಲ ಎಂದವಳು, ಬೆಳಗಿನ ಆ ಮಾತನ್ನು ನುಂಗಿಕೊಂಡು, ಸೊಸೆಯನ್ನು ಯಾರೂ ತಿರುಗಿ ನೋಡಬಾರದೆಂದು ಹುರಿಯುತ್ತಿದ್ದಳು. ಇನ್ನೊಂದು ಬೊಗಸೆಗೆ ಕೈ ಗಡಿಗೆಯೊಳಗಿತ್ತು.

"ಅತ್ತಿ, ಸಾಕ್ ಬಿಡ್ರಿ."

"ಇನ್ನೊಂದೀಟು ಬೇಕು ಬೇ. ತೂಕ ಆಗಂಗಿಲ್ಲ."

"ಹುರದದ್ದು ತಿಂದು ಬಿಡೂಣು. ಉಳದದ್ದು ಬಿತ್ತಾಕ ಇರ್ಲಿ. ಚೀಲಕ್ಕ ನಾ ನೋಡ್ತೇನಿ."

"ಮತ್ತ ಹತ್ತಿ ತುಂಬ್ತಿ?" ಶರಣಬಸಮ್ಮ ತಿರುಗಿದಳು. "ಹತ್ತಿ ಹಾರ್ತದ."

"ನಾ ನೋಡ್ತೇನ್ರಿ," ಎಂದಳು ಪಂಚಶೀಲಾ.

ಬಾಣಲೆಗೆ ಸುರಿದ ಬಿಸಿ ಜೋಳಕ್ಕೆ ಶರಣಕುಮಾರ ಉಪ್ಪು, ಚೂರು ಬೆಲ್ಲ ಬೆರೆಸಿ ತಂದುಕೊಟ್ಟ. ಅವಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದಳು. ರುಚಿ ದೂರದಿಂದ ಬಂತು, ಇನ್ನೊಂದು ಊರಿನಿಂದ ಬಂದ ಹಾಗೆ, ಆದರೆ ಬಂತು.

"ಹೆಂಗದ?" ಎಂದು ಅವನು ಅವಳ ಮುಖವನ್ನೇ ನೋಡಿದ.

"ಉಪ್ಪು ಕಡಿಮಿ ಹಾಕೀರಿ."

ಅವನು ಪಂದ್ಯ ಗೆದ್ದವನಂತೆ ಒಳಗೆ ಓಡಿದ. "ಅವ್ವಾ! ಉಪ್ಪು ಕಡಿಮಿ ಆಗ್ಯಾದಂತ! ಗೊತ್ತಾಗ್ಯಾದ ಆಕಿಗಿ!"

ಒಳಗೆ ತಾಯಿ ಮಗ ಜೋರಾಗಿ ಏನೋ ಮಾತಾಡಿಕೊಳ್ಳುತ್ತಿದ್ದರು. ಪಂಚಶೀಲಾ ಹೊರಗಿನ ಕೋಣೆಯ ಪರದೆ ಎಳೆದಳು. ಹಲಗೆಯ ಮೇಲಿದ್ದ ಹಳೆಯ ಅಳತೆ ಕುಬಸವನ್ನು ಮಡಿಸಿ, ಕೌದಿಗೆಂದು ಕೂಡಿಸಿಟ್ಟ ಚಿಂದಿಯ ಗಂಟಿಗೆ ಸೇರಿಸಿದಳು. ಟೇಪು ತೆಗೆದುಕೊಂಡು ಬೆನ್ನ ಹಿಂದಿನಿಂದ ತಂದು ಎದೆಯ ಮೇಲೆ ಕೂಡಿಸಿದಳು. ಬಲಕ್ಕೆ ಒಂದು ಅಳತೆ, ಎಡಕ್ಕೆ ಇನ್ನೊಂದು. ಬೆರಳಿಗೆ ತಿಳಿಯದಿದ್ದರೂ ಟೇಪಿನ ತಂಪು ಮೈಗೆ ತಿಳಿಯಿತು. ಅವಳು ಎಷ್ಟೋ ಜನರ ಅಳತೆ ಕುಬಸಗಳನ್ನು ಹೀಗೆ ಅಳೆದಿದ್ದಳು, ಅವಸರವಿಲ್ಲದೆ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ.

ಇಟ್ಟಂಗಿ ಬಣ್ಣದ ಬಟ್ಟೆಯ ಬಲಬದಿಗೆ ಟಕ್ಸಿನ ಗುರುತು ಹಾಕಿದಳು. ಎಡಬದಿಗೆ ಹೆಗಲಿನಿಂದ ಅಂಚಿನವರೆಗೆ ಒಂದೇ ಗೆರೆ ಎಳೆದಳು, ನೇರವಾಗಿ, ಟಕ್ಸಿಗೂ ಚೀಲಕ್ಕೂ ಜಾಗ ಬಿಡದೆ. ಕತ್ತರಿಸಿದಳು. ನಾಳಿದ್ದು ಇದನ್ನೇ ತೊಟ್ಟು, ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು, ಜೇವರ್ಗಿಯ ಅಷ್ಟು ಹೆಂಗಸರ ಮುಂದೆ ಎರಡೂ ಕೈಯೆತ್ತಿ ನೀತಾಳಿಗೆ ಹಸಿರು ಕುಬಸ ತೊಡಿಸುವುದು. ಇನ್ನು ಮೇಲೆ ತನ್ನ ಅಳತೆ ಕುಬಸ ಇದೇ. ಮುಂದಿನದ್ದನ್ನೆಲ್ಲ ಇದರಂತೆಯೇ ಹೊಲಿಯುವುದು.

ಪರದೆ ಸರಿಸಿ ಶರಣಬಸಮ್ಮ ಬಂದಳು. ಬಾಯಲ್ಲಿ ಜೋಳ, ಸೆರಗಿನಲ್ಲೂ ಜೋಳ. ಮಣೆ ಎಳೆದು ಕೂತು, ಪೆಡಲಿಗೆ ಕಾಲು ಕೊಟ್ಟಳು.

"ಏನ್ ಹೊಲಿಯಾಕತ್ತಿ?"

"ಏನಿಲ್ಲ ಅತ್ತಿ, ಸೀದಾ ಹೊಲಿಗಿ. ತುಳೀರಿ."

ಶರಣಬಸಮ್ಮ ತುಳಿಯತೊಡಗಿದಳು. ಪಂಚಶೀಲಾ ಬಟ್ಟೆಯ ಎಡಬದಿಯನ್ನು ಸೂಜಿಯ ಕೆಳಗಿಟ್ಟು, ಗೆರೆಯ ಮೇಲೆ ಕಣ್ಣಿಟ್ಟು, ಮುಂದೆ ಸರಿಸಿದಳು.